ಇಂಜೆಕ್ಷನ್ ಇಲ್ಲಿತ್ತು, ಸ್ಕ್ಯಾನ್ ಅಲ್ಲಿತ್ತು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಮಲೆನಾಡಿನ ಒಂದು ತಾಲೂಕಿನವಳು. ಪ್ರೈಮರಿ ಶಾಲೆಯಲ್ಲಿ ಟೀಚರ್. ಅಪ್ಪಯ್ಯ ಅಡಿಕೆ ಬೆಳೆಗಾರರು. ಎರಡು ಎಕರೆ ತೋಟ, ಎರಡು ಹಸು. ಈ ಪತ್ರ ಬರೆಯಲು ಕಾರಣ ಅವರೇ. ಆದರೆ ಅವರೊಬ್ಬರಿಗಾಗಿ ಬರೆಯುತ್ತಿಲ್ಲ. ಅವರಿಗೆ ಸಿಗಬೇಕಾಗಿದ್ದ ಸಮಯ ಕಳೆದುಹೋಗಿದೆ. ನಾಳೆ ಬೆಳಿಗ್ಗೆ ನಮ್ಮಂಥದ್ದೇ ಇನ್ನೊಂದು ಊರಲ್ಲಿ ಇನ್ನೊಬ್ಬರ ಕೈಯಿಂದ ಚೊಂಬು ಜಾರಿ ಬೀಳುತ್ತದಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಅಪ್ಪಯ್ಯ ಕೊಟ್ಟಿಗೆಯಿಂದ ಹಾಲು ಕರೆದುಕೊಂಡು ಬರುತ್ತಿದ್ದರು. ಜಗಲಿ ಮೆಟ್ಟಿಲ ಹತ್ತಿರ ಚೊಂಬು ಬಿದ್ದ ಸದ್ದಾಯಿತು. 'ಹಾಲು ಚೆಲ್ಲಿದ್ರಾ?' ಅಂತ ಅಮ್ಮ ಒಳಗಿನಿಂದಲೇ ಕೇಳಿದಳು. ಉತ್ತರ ಬರಲಿಲ್ಲ. ನಾನು ಹೊರಗೆ ಬಂದು ನೋಡಿದರೆ, ಅಪ್ಪಯ್ಯ ಬಗ್ಗಿ ಎಡಗೈಯಲ್ಲಿ ಚೊಂಬು ಎತ್ತಲು ನೋಡುತ್ತಿದ್ದರು. ಬಲಗೈ ಸುಮ್ನೆ ಜೋತುಬಿದ್ದಿತ್ತು. ಬಾಯಿ ಒಂದು ಕಡೆ ಸೊಟ್ಟ. ಏನೋ ಹೇಳಲು ಹೊರಟರು. ಶಬ್ದ ಬಂತು, ಮಾತು ಬರಲಿಲ್ಲ. ನಾನು ಗೋಡೆ ಗಡಿಯಾರ ನೋಡಿದೆ. 5 ಗಂಟೆ 40 ನಿಮಿಷ. ಯಾಕೆ ನೋಡಿದೆನೋ ಗೊತ್ತಿಲ್ಲ, ಬಹುಶಃ ಶಾಲೆಯಲ್ಲಿ ಬೆಲ್ ಹೊಡೆಸುವ ಅಭ್ಯಾಸ. ಆ ಸಮಯ ಎಷ್ಟು ಮುಖ್ಯ ಅಂತ ಆಮೇಲೆ ತಿಳಿಯಿತು.

ಅಕ್ಕಪಕ್ಕದವರು ಓಡಿ ಬಂದರು. 'ಲಕ್ವ ಹೊಡೆದಿದೆ, ನಾಟಿ ಔಷಧಿ ಕೊಡುವವರ ಹತ್ತಿರ ಹೋಗೋಣ' ಅಂದರು ಒಬ್ಬರು. ಪಾರಿವಾಳದ ರಕ್ತ ಹಚ್ಚಿದರೆ ಕೈ ಬರುತ್ತದೆ ಅಂದರು ಇನ್ನೊಬ್ಬರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಲಕ್ವಕ್ಕೆ ಆಸ್ಪತ್ರೆಯಲ್ಲಿ ಮದ್ದಿದೆ, ಅದನ್ನು ಬೇಗ ಕೊಡಬೇಕು ಅಂತ ಅವರಿಗೆ ಇಷ್ಟು ವರ್ಷ ಯಾರೂ ಹೇಳಿಲ್ಲ. ನಾನು 108ಕ್ಕೆ ಫೋನ್ ಮಾಡಲು ತೋಟದ ಮೇಲಿನ ಧರೆ ಹತ್ತಿದೆ. ಮನೆಯೊಳಗೆ ನಮಗೆ ನೆಟ್‌ವರ್ಕ್ ಸಿಗುವುದಿಲ್ಲ.

6.25ಕ್ಕೆ ಆಂಬುಲೆನ್ಸ್ ಬಂತು. 7.05ಕ್ಕೆ ತಾಲೂಕು ಆಸ್ಪತ್ರೆ ತಲುಪಿದೆವು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು. ರಾತ್ರಿಯಿಡೀ ನಿದ್ದೆಗೆಟ್ಟಿದ್ದು ಮುಖದಲ್ಲಿ ಕಾಣುತ್ತಿತ್ತು. ಅವರ ಮೇಲೆ ನನ್ನದು ಯಾವ ದೂರೂ ಇಲ್ಲ. ಬಿಪಿ ನೋಡಿದರು, ಶುಗರ್ ನೋಡಿದರು, ಎರಡೂ ಕೈ ಎತ್ತಿಸಿದರು. ಎರಡೇ ನಿಮಿಷದಲ್ಲಿ ಅವರಿಗೆ ವಿಷಯ ಗೊತ್ತಾಯಿತು. 'ಸ್ಟ್ರೋಕ್ ಆಗಿದೆ ಮೇಡಂ. ಇಲ್ಲಿ ಸಿಟಿ ಸ್ಕ್ಯಾನ್ ಇಲ್ಲ. ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ' ಅಂದರು. ಅಷ್ಟರಲ್ಲಿ ನಮ್ಮನ್ನು ತಂದ ಆಂಬುಲೆನ್ಸ್ ಒಂದು ಹೆರಿಗೆ ಕೇಸಿಗೆ ಹೋಗಿತ್ತು. ಬೇರೆ ಗಾಡಿ ಹೊಂದಿಸಿ ಹೊರಟಾಗ 7.50. ಎಂಬತ್ತು ಕಿಲೋಮೀಟರ್ ದಾರಿ, ತಿರುವು ಜಾಸ್ತಿ, ಮೇಲೆ ಮಳೆ. 9.50ಕ್ಕೆ ತಲುಪಿದೆವು. ಚೀಟಿ ಮಾಡಿಸಿದ್ದು, ಕ್ಯಾಷುಯಾಲ್ಟಿಯಲ್ಲಿ ಮತ್ತೆ ಬಿಪಿ ನೋಡಿದ್ದು, ಸ್ಕ್ಯಾನ್ ರೂಮಿನ ಹೊರಗೆ ಕಾದಿದ್ದು ಎಲ್ಲ ಸೇರಿ, ಅಪ್ಪಯ್ಯನ ತಲೆ ಆ ಮೆಷಿನ್ನಿನೊಳಗೆ ಹೋದಾಗ 10.35.

ಸ್ಟ್ರೋಕ್ ಶುರುವಾಗಿ 4 ಗಂಟೆ 55 ನಿಮಿಷ ಆಗಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಡಾಕ್ಟರುಗಳು ಇಟ್ಟುಕೊಂಡಿರುವ ಗಡುವು ನಾಲ್ಕೂವರೆ ಗಂಟೆ.

ಸಚಿವರೇ, ಇಪ್ಪತ್ತೈದು ನಿಮಿಷ.

ಈಗ ನಿಮಗೆ ನಮ್ಮ ತಾಲೂಕು ಆಸ್ಪತ್ರೆಯ ಆ ಕೋಣೆಯನ್ನೇ ಮತ್ತೊಮ್ಮೆ ತೋರಿಸಬೇಕು. ಅಪ್ಪಯ್ಯನ ಸ್ಟ್ರೆಚರ್ ನಿಂತಿತ್ತಲ್ಲ, ಅದರ ಪಕ್ಕದ ಗೋಡೆಯ ಮೇಲೆ ಒಂದು ಬೋರ್ಡ್ ಇತ್ತು: ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ನಿಮ್ಮ ಇಲಾಖೆಯದೇ ಯೋಜನೆ, 2023ರಲ್ಲಿ ಶುರುವಾದದ್ದು. ಎದೆನೋವು ಅಂತ ಬಂದವರಿಗೆ ಕೂಡಲೇ ಇಸಿಜಿ ಮಾಡುತ್ತಾರೆ. ಅದು ದೊಡ್ಡಾಸ್ಪತ್ರೆಯ ಹೃದಯ ತಜ್ಞರಿಗೆ ಹೋಗುತ್ತದೆ. ಅವರು ಅಲ್ಲಿಂದಲೇ ನೋಡಿ ಹೇಳಿದರೆ, ರಕ್ತದ ಗಡ್ಡೆ ಕರಗಿಸುವ, ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲೂಕು ಆಸ್ಪತ್ರೆಯಲ್ಲೇ ಬಿಟ್ಟಿಯಾಗಿ ಸಿಗುತ್ತದೆ. ನಮ್ಮೂರಿನ ಒಬ್ಬರು ಈ ಯೋಜನೆಯಿಂದ ಬದುಕಿ ಬಂದಿದ್ದಾರೆ. ಈಗ ಮೊದಲಿನ ಹಾಗೇ ಸೊಸೈಟಿಗೆ ಅಡಿಕೆ ಹೊತ್ತುಕೊಂಡು ಹೋಗುತ್ತಾರೆ. ಇದಕ್ಕಾಗಿ ನಿಮಗೂ ನಿಮ್ಮ ಇಲಾಖೆಗೂ ಮನಸಾರೆ ಧನ್ಯವಾದ ಹೇಳುತ್ತೇನೆ.

ಆದರೆ ಇದೇ ಟೆನೆಕ್ಟೆಪ್ಲೇಸ್ ಮಿದುಳಿನ ಸ್ಟ್ರೋಕ್‌ಗೂ ಕೊಡುವ ಔಷಧಿ. ಪ್ರಮಾಣ ಬೇರೆ, ಔಷಧಿ ಅದೇ. ಅಪ್ಪಯ್ಯನಿಗೆ ಬೇಕಾಗಿದ್ದ ಮದ್ದು ಬಹುಶಃ ಅವರ ಸ್ಟ್ರೆಚರ್‌ನಿಂದ ಹತ್ತು ಹೆಜ್ಜೆ ದೂರದ ಕಪಾಟಿನಲ್ಲೇ ಇತ್ತು. ಕೊಡುವ ಹಾಗಿರಲಿಲ್ಲ. ಯಾಕೆಂದರೆ ಹೃದಯಕ್ಕೆ ಇಸಿಜಿ ಸಾಕು, ಮಿದುಳಿಗೆ ಚಿತ್ರ ಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಗೊತ್ತಿರುತ್ತದೆ. ಪತ್ರ ಓದುವ ಬೇರೆಯವರಿಗೂ ಗೊತ್ತಾಗಲಿ. ಸ್ಟ್ರೋಕ್‌ನಲ್ಲಿ ಎರಡು ಬಗೆ. ರಕ್ತನಾಳ ಕಟ್ಟಿಕೊಳ್ಳುವುದು ಒಂದು, ಒಡೆದು ರಕ್ತ ಸುರಿಯುವುದು ಇನ್ನೊಂದು. ಕಟ್ಟಿಕೊಳ್ಳುವುದೇ ಜಾಸ್ತಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಸೊಟ್ಟ ಬಾಯಿ, ಬಿದ್ದ ಕೈ, ತೊದಲು ಮಾತು. ಎಷ್ಟೇ ಅನುಭವ ಇರುವ ಡಾಕ್ಟರೂ ಕಣ್ಣಳತೆಯಲ್ಲಿ ಇದು ಇಂಥದ್ದೇ ಅಂತ ಖಚಿತವಾಗಿ ಹೇಳಲಾರರು. ಕಟ್ಟಿಕೊಂಡಿದ್ದರೆ ಈ ಇಂಜೆಕ್ಷನ್ ಮಿದುಳನ್ನು ಉಳಿಸಬಲ್ಲದು. ಒಡೆದಿದ್ದರೆ ಇದೇ ಇಂಜೆಕ್ಷನ್ ರಕ್ತಸ್ರಾವ ಹೆಚ್ಚಿಸಿ ಕೊಲ್ಲಬಲ್ಲದು. ತಲೆಯ ಸಿಟಿ ಸ್ಕ್ಯಾನ್ ಮಾಡಿದರೆ ಸುರಿದ ರಕ್ತ ಬಿಳಿಯಾಗಿ ಕೂಡಲೇ ಕಾಣುತ್ತದೆ. ಸ್ಕ್ಯಾನ್ ಮುಗಿಯಲು ಕೆಲವೇ ನಿಮಿಷ. ಅಷ್ಟರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಜಿಲ್ಲಾಸ್ಪತ್ರೆಯಲ್ಲಿ ನಮ್ಮ ಕೈಗೆ ಫಿಲ್ಮ್ ಬಂತು. ನಾನು ಅದನ್ನು ಕಿಟಕಿ ಬೆಳಕಿಗೆ ಹಿಡಿದೆ. ಸಾಲು ಸಾಲಾಗಿ ಬೂದು ಬಣ್ಣದ ಗುಂಡನೆಯ ಚಿತ್ರಗಳು, ಅಡಿಕೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಗೆರೆ ಗೆರೆ ಕಾಣುತ್ತದಲ್ಲ, ಹಾಗೆ. ಅಲ್ಲಿದ್ದವರೊಬ್ಬರು ನೋಡಿ, 'ಸ್ಕ್ಯಾನ್ ನಾರ್ಮಲ್ ಇದೆ, ಏನೂ ಕಾಣ್ತಿಲ್ಲ' ಅಂದರು. ಅಮ್ಮ ಅಲ್ಲೇ ಕೈ ಮುಗಿದು ಊರ ದೇವರಿಗೆ ಹರಕೆ ಹೇಳಿಕೊಂಡಳು. ನನಗೂ ಮೈ ಹಗುರಾಯಿತು. ರೇಡಿಯಾಲಜಿ ಡಾಕ್ಟರ್ ಬಂದು ನೋಡಿದ್ದು ಮಧ್ಯಾಹ್ನ. ಅಲ್ಲಿಯವರೆಗೂ ನಾವು ಒಳ್ಳೆಯ ಸುದ್ದಿ ಅಂದುಕೊಂಡೇ ಕೂತಿದ್ದೆವು.

ಸ್ಟ್ರೋಕ್ ಆದ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಮಿದುಳು ಹೆಚ್ಚುಕಮ್ಮಿ ಸರಿಯಾಗೇ ಕಾಣಬಹುದಂತೆ. ರಕ್ತ ನಿಂತ ಜಾಗ ಊದಿ ಕಪ್ಪಾಗಿ ಕಾಣಲು ಹೊತ್ತು ಬೇಕು. ಹಾಗಾಗಿ ಕೈ ಬಿದ್ದುಹೋದ ಮನುಷ್ಯನ ಸ್ಕ್ಯಾನ್ ನಾರ್ಮಲ್ ಅಂತ ಬಂದರೆ, 'ಏನೂ ಆಗಿಲ್ಲ, ಮನೆಗೆ ಹೋಗಿ' ಅಂತ ಅರ್ಥ ಅಲ್ಲ. 'ರಕ್ತ ಸುರಿದಿಲ್ಲ, ಗಡುವು ಮೀರಿಲ್ಲ ಅಂದರೆ ಇಂಜೆಕ್ಷನ್ ಬಗ್ಗೆ ಈಗಲೇ ತೀರ್ಮಾನ ಮಾಡಿ' ಅಂತ ಅರ್ಥ. ಇದನ್ನು ನನಗೆ ಹೇಳಿದ್ದು ಆಮೇಲೆ ಬೆಂಗಳೂರಿನಲ್ಲಿ ಅಪ್ಪಯ್ಯನನ್ನು ನೋಡಿದ ನರರೋಗ ತಜ್ಞರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೆಷಿನ್ ಇದ್ದರೆ ಸಾಲದು, ಅದು ತೆಗೆದ ಚಿತ್ರವನ್ನು ಆ ಗಳಿಗೆಯಲ್ಲೇ ಓದಬಲ್ಲ ಕಣ್ಣೂ ಬೇಕು. ನನ್ನ ದೂರಿನ ಅರ್ಧ ಇದೇ.

ಎರಡು ದಿನದ ನಂತರ ಎಂಆರ್‌ಐ ಆಯಿತು. ಮಿದುಳಿನೊಳಗೆ ನೀರಿನ ಅಣುಗಳ ಓಡಾಟ ಎಲ್ಲಿ ನಿಂತಿದೆ ಅಂತ ತೋರಿಸುವ ಒಂದು ಬಗೆ ಅದರಲ್ಲಿದೆ. ಡಿಫ್ಯೂಷನ್ ಅನ್ನುತ್ತಾರೆ. ರಕ್ತ ನಿಂತ ಜಾಗ ಅದರಲ್ಲಿ ನಿಮಿಷಗಳಲ್ಲೇ ಬೆಳ್ಳಗೆ ಹೊಳೆಯಲು ಶುರುವಾಗುತ್ತದಂತೆ. ಅಪ್ಪಯ್ಯನ ಮಿದುಳಿನ ಎಡಭಾಗದಲ್ಲಿ ಒಂದು ಬಿಳಿ ಮಚ್ಚೆ ಇತ್ತು. ತಜ್ಞರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಡಿಕೆ ಗಾತ್ರ. ಐವತ್ತು ವರ್ಷ ಅಡಿಕೆ ಬೆಳೆದವರ ಮಾತು ಅಷ್ಟೇ ದೊಡ್ಡ ಜಾಗದಲ್ಲಿ ಹೋಗಿತ್ತು.

ಈಗ ಅಪ್ಪಯ್ಯ ಒಂದೇ ಮಾತು ಆಡುತ್ತಾರೆ. 'ಆಯ್ತು.' ಊಟ ಬೇಕಾ ಅಂದರೆ ಆಯ್ತು. ಬೇಡವಾ ಅಂದರೂ ಆಯ್ತು. ಸಿಟ್ಟು ಬಂದಾಗ ಜೋರಾಗಿ ಆಯ್ತು. ಮೊಮ್ಮಗಳನ್ನು ನೋಡಿದರೆ ಮೆತ್ತಗೆ ಆಯ್ತು. ನಾವು ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ, ಅವರಿಗೆ ಹೇಳಲು ಆಗುವುದಿಲ್ಲ. ಇದರ ಬಗ್ಗೆ ಓದುವಾಗ ಪ್ಯಾರಿಸ್ಸಿನ ಒಂದು ಹಳೆಯ ಕಥೆ ಸಿಕ್ಕಿತು. 1861ರಲ್ಲಿ ಪಾಲ್ ಬ್ರೋಕಾ ಅನ್ನುವ ಡಾಕ್ಟರ ಹತ್ತಿರ ಒಬ್ಬ ರೋಗಿ ಬಂದಿದ್ದ. ಅವನಿಗೆ ಬರುತ್ತಿದ್ದದ್ದು 'ತಾನ್' ಅನ್ನುವ ಒಂದೇ ಶಬ್ದ. ಆಸ್ಪತ್ರೆಯಲ್ಲಿ ಅವನನ್ನು ಕರೆಯುತ್ತಿದ್ದದ್ದೂ ಅದೇ ಹೆಸರಿನಿಂದ. ಅವನ ಮಿದುಳಿನಲ್ಲಿ ಏನಾಗಿದೆ ಅಂತ ನೋಡಲು ಬ್ರೋಕಾ ಅವರಿಗೆ ಇದ್ದದ್ದು ಒಂದೇ ದಾರಿ. ರೋಗಿ ತೀರಿಕೊಂಡ ಮೇಲೆ ತಲೆ ತೆರೆದು ನೋಡುವುದು. ಹಾಗೆ ನೋಡಿಯೇ ಮಾತಿನ ಜಾಗ ಮಿದುಳಿನ ಎಡ ಮುಂಭಾಗದಲ್ಲಿದೆ ಅಂತ ಅವರು ಕಂಡುಕೊಂಡರು. ಎಕ್ಸ್‌ರೇ ಬಂದ ಮೇಲೂ ಕಷ್ಟ ತಪ್ಪಲಿಲ್ಲ, ಅದರಲ್ಲಿ ಬುರುಡೆ ಕಾಣುತ್ತಿತ್ತೇ ಹೊರತು ಒಳಗಿನ ಮೆತ್ತನೆಯ ಮಿದುಳು ಕಾಣುತ್ತಿರಲಿಲ್ಲ. ಬದುಕಿರುವ ಮನುಷ್ಯನ ತಲೆ ತೆರೆಯದೆ ಮಿದುಳನ್ನು ಪದರ ಪದರವಾಗಿ ನೋಡಲು ಸಾಧ್ಯವಾದದ್ದು 1971ರ ಅಕ್ಟೋಬರ್ 1ರಂದು. ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಮಾಡಿದ ಮೆಷಿನ್ ಮೊದಲ ರೋಗಿಯ ಸ್ಕ್ಯಾನ್ ತೆಗೆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಬಂತು.

ಆ ಮೆಷಿನ್ ಬಂದು ಅರ್ಧ ಶತಮಾನ ದಾಟಿದೆ, ಸಚಿವರೇ. ಇದು ಹೊಸದಲ್ಲ, ಐಷಾರಾಮವೂ ಅಲ್ಲ. ನಮ್ಮ ತಾಲೂಕಿಗೆ ಇನ್ನೂ ಬಂದಿಲ್ಲ, ಅಷ್ಟೇ.

ಹೊತ್ತಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೂ ಕಾರಣ ಇದೆ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಅಮೆರಿಕದ ತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದ್ದರು. ಆದರೆ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ತೋಟಕ್ಕೆ ನೀರು ಹೋಗುವ ಕಾಲುವೆ ಕಟ್ಟಿಕೊಂಡರೆ ಏನಾಗುತ್ತದೆ? ಒಂದಷ್ಟು ಸಸಿ ಒಣಗಿ ಹೋಗುತ್ತವೆ. ಸುತ್ತಲಿನವು ಬಾಡಿ ತಲೆ ಬಗ್ಗಿಸಿರುತ್ತವೆ, ಆದರೆ ಸತ್ತಿರುವುದಿಲ್ಲ. ಸಂಜೆಯೊಳಗೆ ನೀರು ಬಿಟ್ಟರೆ ಎದ್ದು ನಿಲ್ಲುತ್ತವೆ, ನಾಳೆ ಬಿಟ್ಟರೆ ಇಲ್ಲ. ಮಿದುಳಿನಲ್ಲೂ ಹಾಗೇ, ಸತ್ತ ಜಾಗದ ಸುತ್ತ ಬಾಡಿದ ಜಾಗ ಒಂದಿರುತ್ತದೆ. ಡಾಕ್ಟರುಗಳು ಉಳಿಸಲು ನೋಡುವುದು ಅದನ್ನೇ. ಈ ಬಾಡಿದ ಜಾಗ ಎಷ್ಟಿದೆ ಅಂತ ಈಗಿನ ಸಿಟಿ, ಎಂಆರ್‌ಐ ತೋರಿಸಬಲ್ಲವು. ಹಾಗೆ ನೋಡಿ ಆರಿಸಿದ ಕೆಲವು ರೋಗಿಗಳಿಗೆ, ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಗಡ್ಡೆ ಎಳೆದು ತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡಬಹುದು ಅಂತ 2018ರ ಹೊತ್ತಿಗೆ ದೊಡ್ಡ ಪ್ರಯೋಗಗಳು ತೋರಿಸಿದವು. ರಾತ್ರಿ ಮಲಗಿದವರು ಬೆಳಿಗ್ಗೆ ಏಳುವಾಗ ಕೈ ಬಿದ್ದಿದ್ದರೆ, ಯಾವಾಗ ಆಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಂಥವರಲ್ಲೂ ಕೆಲವರಿಗೆ ಎಂಆರ್‌ಐ ನೋಡಿ ಇಂಜೆಕ್ಷನ್ ಕೊಡುತ್ತಾರೆ. ಅಂದರೆ ಗಡಿಯಾರ ಹೇಳುವ ಗಡುವನ್ನು ಮಿದುಳಿನ ಚಿತ್ರ ಕೆಲವರಿಗೆ ಸ್ವಲ್ಪ ಸಡಿಲ ಮಾಡಬಲ್ಲದು. ನಮಗೆ ಮೊದಲ ಚಿತ್ರವೇ ಸಿಗುತ್ತಿಲ್ಲ ಅನ್ನುವುದು ನಮ್ಮ ಕಷ್ಟ.

ಇದು ಲಕ್ವ ಒಂದರ ಮಾತಲ್ಲ. ನಮ್ಮ ಕಡೆ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯುವ ಕಾಲದಲ್ಲಿ ಮರದಿಂದ ಬೀಳುವವರು ಇದ್ದೇ ಇರುತ್ತಾರೆ. ಕೆಲವು ವರ್ಷದ ಹಿಂದೆ ನಮ್ಮ ತೋಟಕ್ಕೂ ಬರುತ್ತಿದ್ದ ಒಬ್ಬ ಕೊನೆಗಾರ ಬೇರೆಯವರ ತೋಟದಲ್ಲಿ ಬಿದ್ದ. ಒಂದು ಗಳಿಗೆ ಮಂಕಾದವನು ಎದ್ದು ಕೂತ. ಮಾತಾಡಿದ, ಚಾ ಕುಡಿದ. ಏನೂ ಆಗಿಲ್ಲ ಅಂದುಕೊಂಡು ಮನೆಗೆ ಹೋಗಿ ಮಲಗಿದ. ಸಂಜೆ ವಾಂತಿ ಮಾಡಿಕೊಂಡ. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಬುರುಡೆಗೂ ಮಿದುಳಿನ ಪೊರೆಗೂ ನಡುವೆ ರಕ್ತ ಕಟ್ಟಿದಾಗ ಹೀಗಾಗುತ್ತದೆ ಅಂತ ಈಗ ಓದಿ ತಿಳಿದಿದ್ದೇನೆ. ಮೊದಲು ಚೆನ್ನಾಗಿ ಮಾತಾಡುತ್ತಾರೆ, ಆಮೇಲೆ ಒಮ್ಮೆಲೇ ಕುಸಿಯುತ್ತಾರೆ. ಸಿಟಿಯಲ್ಲಿ ಆ ರಕ್ತ ಮಸೂರದ ಆಕಾರದಲ್ಲಿ ಬೆಳ್ಳಗೆ ಕಾಣುತ್ತದೆ. ಬೇಗ ಕಂಡರೆ ಆಪರೇಷನ್ ಮಾಡಿ ತೆಗೆಯಬಹುದು, ಮನುಷ್ಯ ನಡೆದುಕೊಂಡು ಮನೆಗೆ ಬರಬಹುದು. ಅವನಿಗೆ ಇಬ್ಬರು ಸಣ್ಣ ಮಕ್ಕಳು. ಇಬ್ಬರೂ ನನ್ನ ಕ್ಲಾಸಿನಲ್ಲೇ ಕಲಿತರು.

ಹುಟ್ಟಿದ ಮಕ್ಕಳ ವಿಷಯದಲ್ಲಿ ದುಬಾರಿ ಮೆಷಿನ್ ಕೂಡ ಬೇಡ. ಎಳೆ ಮಗುವಿನ ನೆತ್ತಿಯ ಮೂಳೆ ಇನ್ನೂ ಕೂಡಿರುವುದಿಲ್ಲ. ಆ ಮೆತ್ತನೆಯ ಜಾಗದ ಮೇಲೆ ಅಲ್ಟ್ರಾಸೌಂಡ್ ಇಟ್ಟರೆ ಮಿದುಳಿನೊಳಗಿನ ರಕ್ತಸ್ರಾವ ಕಾಣುತ್ತದೆ. ಅದರಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಮಗುವನ್ನು ಹಾಸಿಗೆಯಿಂದ ಎತ್ತುವುದೂ ಬೇಡ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಇಂಥ ರಕ್ತಸ್ರಾವ ಹೆಚ್ಚಾಗಿ ಆಗುವುದು ಮೊದಲ ಕೆಲವು ದಿನಗಳಲ್ಲೇ. ಬಸಿರಿ ಹೆಂಗಸರ ಹೊಟ್ಟೆ ನೋಡಲು ಆ ಮೆಷಿನ್ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಆಗಲೇ ಇದೆ. ಮಗುವಿನ ತಲೆಗೆ ಸರಿಹೊಂದುವ ಸಣ್ಣ ಪ್ರೋಬ್, ಅದನ್ನು ಬಳಸಲು ತರಬೇತಿ, ಇಷ್ಟೇ ಬೇಕಾಗಿರುವುದು. ಶಾಲೆಗೆ ಬರುವ ಕೆಲವು ಮಕ್ಕಳನ್ನು ನೋಡಿದಾಗ ಇದು ನೆನಪಾಗುತ್ತದೆ. ನಡೆಯಲು ತಡ, ಮಾತು ತಡ. ಹುಟ್ಟಿದಾಗ ಏನಾಗಿತ್ತು ಅಂತ ತಾಯಂದಿರನ್ನು ಕೇಳಿದರೆ, 'ಅಳಲೇ ಇಲ್ಲ ಟೀಚರ್' ಅನ್ನುತ್ತಾರೆ. ಆವಾಗಲೇ ನೋಡಿದ್ದರೆ ಫಿಸಿಯೋಥೆರಪಿಯಾದರೂ ಮೊದಲೇ ಶುರು ಮಾಡಬಹುದಿತ್ತು ಅಲ್ವಾ?

ನಮ್ಮಲ್ಲಿ ಬುದ್ಧಿ ಇಲ್ಲ, ವಿದ್ಯೆ ಇಲ್ಲ ಅಂತೇನೂ ಅಲ್ಲ. ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಅವರ ಜೊತೆ ಸೇರಿ ಸರ್ಕಾರ ಜಿಲ್ಲಾಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆದಿದೆ. ಒಳ್ಳೆಯ ಕೆಲಸ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ವಯಸ್ಸಾದಂತೆ ಮಿದುಳು ಹೇಗೆ ಬದಲಾಗುತ್ತದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದಾರೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ, ಅದರಲ್ಲಿ ಮಿದುಳಿನ ಚಿತ್ರವೂ ಒಂದು ಭಾಗ. ಪಕ್ಕದ ಚೆನ್ನೈನಲ್ಲಿ ಐಐಟಿ ಮದ್ರಾಸಿನವರು ಗರ್ಭದಲ್ಲಿರುವ ಮಗುವಿನ ಮಿದುಳನ್ನು 5,132 ಪದರಗಳಲ್ಲಿ ಚಿತ್ರಿಸಿ 'ಧರಣಿ' ಅಂತ ಹೆಸರಿಟ್ಟು 2024ರಲ್ಲಿ ಇಡೀ ಪ್ರಪಂಚಕ್ಕೆ ಬಿಟ್ಟಿಯಾಗಿ ಕೊಟ್ಟರು. ಇದನ್ನೆಲ್ಲ ಓದಿದಾಗ ನನಗೆ ನಿಜವಾಗಿ ಹೆಮ್ಮೆ ಅನ್ನಿಸಿತು. ಮಕ್ಕಳಿಗೂ ಹೇಳಿದೆ. ಈ ತಿಳಿವಳಿಕೆ ಒಂದು ತಾಲೂಕು ಆಸ್ಪತ್ರೆಯ ಕ್ಯಾಷುಯಾಲ್ಟಿಗೆ ಬೆಳಗಿನ ಏಳು ಗಂಟೆಗೆ ತಲುಪಬೇಕು ಅನ್ನುವುದು ನನ್ನ ಆಸೆ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತಿರುವುದು ಇಷ್ಟು.

ಮೊದಲನೆಯದಾಗಿ 108. ಅಪ್ಪಯ್ಯನ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ನಡೆದದ್ದು ಇಲ್ಲೇ, ಮತ್ತು ಅದು ಯಾರೊಬ್ಬರ ತಪ್ಪೂ ಅಲ್ಲ. ಆಂಬುಲೆನ್ಸ್‌ನವರು ನಿಯಮದ ಪ್ರಕಾರ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆದರೆ ಸ್ಕ್ಯಾನ್ ಇಲ್ಲದ ಆಸ್ಪತ್ರೆ ಸ್ಟ್ರೋಕ್‌ಗೆ ಎಷ್ಟು ಹತ್ತಿರ ಇದ್ದರೂ ದೂರವೇ. 6.25ಕ್ಕೆ ನಮ್ಮ ಮನೆಯಿಂದ ನೇರವಾಗಿ ಜಿಲ್ಲಾಸ್ಪತ್ರೆಗೆ ಹೊರಟಿದ್ದರೆ ಒಂಬತ್ತಕ್ಕೆ ತಲುಪುತ್ತಿದ್ದೆವು. ಗಡುವಿಗೆ ಇನ್ನೂ ಒಂದು ಗಂಟೆಗಿಂತ ಜಾಸ್ತಿ ಇರುತ್ತಿತ್ತು. ಮುಖ ಸೊಟ್ಟ, ಕೈ ಬಲ ಇಲ್ಲ, ಮಾತು ತೊದಲು, ಈ ಮೂರರಲ್ಲಿ ಯಾವುದು ಕಂಡರೂ, ರೋಗಿಯ ಉಸಿರಾಟ ಸರಿ ಇದ್ದರೆ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು ಅಂತ ಆದೇಶ ಮಾಡಿ. ದಾರಿಯಿಂದಲೇ ಆ ಆಸ್ಪತ್ರೆಗೆ ಫೋನ್ ಹೋಗಲಿ. ಟೆಕ್ನಿಷಿಯನ್ ಮೆಷಿನ್ ಖಾಲಿ ಇಟ್ಟುಕೊಂಡು ಕಾಯಲಿ. ಸ್ಟ್ರೆಚರ್ ಚೀಟಿ ಕೌಂಟರ್ ಹತ್ತಿರ ನಿಲ್ಲದೆ ನೇರ ಸ್ಕ್ಯಾನ್ ರೂಮಿಗೆ ಹೋಗಲಿ. ಬಾಗಿಲು ದಾಟಿದ 60 ನಿಮಿಷದೊಳಗೆ ಇಂಜೆಕ್ಷನ್ ಕೊಡಬೇಕು ಅನ್ನುವುದು ಬೇರೆ ಕಡೆ ಆಸ್ಪತ್ರೆಗಳು ಇಟ್ಟುಕೊಂಡಿರುವ ಗುರಿ. ನಮಗೂ ಅದೇ ಗುರಿ ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಒಂದು ಆದೇಶ ಮತ್ತು ತರಬೇತಿ ಸಾಕು.

ಇನ್ನು ಮೆಷಿನ್. ಪ್ರತಿ ತಾಲೂಕಿಗೂ ನಾಳೆಯೇ ಸಿಟಿ ಕೊಡಿ ಅಂತ ನಾನು ಕೇಳುವುದಿಲ್ಲ. ಅದರ ಬೆಲೆ, ಅದಕ್ಕೆ ಬೇಕಾದ ಕರೆಂಟು, ಎಸಿ, ಜನ, ಎಲ್ಲ ಗೊತ್ತಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದೂ ಉಂಟು. ಆದರೆ ಜಿಲ್ಲಾಸ್ಪತ್ರೆಯಿಂದ ಒಂದೂವರೆ ಗಂಟೆಗಿಂತ ದೂರದಲ್ಲಿರುವ ತಾಲೂಕುಗಳನ್ನು ಮೊದಲು ಗುರುತು ಮಾಡಿ. ಕಿಲೋಮೀಟರ್ ಲೆಕ್ಕದಲ್ಲಿ ಬೇಡ, ಮಳೆಗಾಲದಲ್ಲಿ ಹಿಡಿಯುವ ಹೊತ್ತಿನ ಲೆಕ್ಕದಲ್ಲಿ ಮಾಡಿ. ಘಟ್ಟದ ಐವತ್ತು ಕಿಲೋಮೀಟರೂ ಬಯಲುಸೀಮೆಯ ಐವತ್ತು ಕಿಲೋಮೀಟರೂ ಒಂದೇ ಅಲ್ಲ. ಅಂಥ ತಾಲೂಕುಗಳಿಗೆ ಮೊದಲು ಕೊಡಿ. ರಾತ್ರಿ ಪಾಳಿಗೂ ಟೆಕ್ನಿಷಿಯನ್ ಇರಲಿ, ಸ್ಟ್ರೋಕ್ ಹೊತ್ತು ನೋಡಿ ಬರುವುದಿಲ್ಲ. ಕಟ್ಟಡದಲ್ಲಿ ಮೆಷಿನ್ ಇಡುವುದೇ ಕಷ್ಟ ಅನ್ನುವ ಕಡೆ ಇನ್ನೊಂದು ದಾರಿ ಇದೆ. ಜರ್ಮನಿಯ ಹೋಂಬುರ್ಗ್‌ನಲ್ಲಿ 2008ರಿಂದಲೇ ಆಂಬುಲೆನ್ಸ್ ಒಳಗೇ ಸಿಟಿ ಇಟ್ಟು ರೋಗಿಯ ಮನೆ ಬಾಗಿಲಿಗೆ ಹೋಗುವ ಪ್ರಯತ್ನ ಶುರುವಾಯಿತು. ನಮ್ಮ ದೇಶದಲ್ಲೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಸ್ಸಾಂನಲ್ಲಿ ಇಂಥ ಗಾಡಿಗಳನ್ನು ಓಡಿಸಿದೆ. ಅಲ್ಲಿನ ದಾರಿಗಳೂ ನಮ್ಮ ದಾರಿಗಳ ಹಾಗೇ ಕಷ್ಟದವು. ಅಲ್ಲಿ ಆದದ್ದನ್ನು ನಿಮ್ಮ ಅಧಿಕಾರಿಗಳು ಒಮ್ಮೆ ಹೋಗಿ ನೋಡಲಿ.

ಚಿತ್ರ ಓದುವವರ ವಿಷಯ ಇದಕ್ಕಿಂತ ಮುಖ್ಯ. ಸ್ಕ್ಯಾನ್ ತೆಗೆದ ಮೇಲೆ ಅದು ಒಂದು ಫೈಲ್ ಅಷ್ಟೇ, ಎಲ್ಲಿಗೆ ಬೇಕಾದರೂ ಕಳಿಸಬಹುದು. ಹೃದಯ ಜ್ಯೋತಿಯಲ್ಲಿ ಇಸಿಜಿ ಹೋಗುವ ಹಾಗೇ ಮಿದುಳಿನ ಚಿತ್ರವೂ ನಿಮ್ಹಾನ್ಸ್‌ಗೋ ಹತ್ತಿರದ ಮೆಡಿಕಲ್ ಕಾಲೇಜಿಗೋ ಹೋಗಲಿ. ದಿನದ 24 ಗಂಟೆಯೂ ಅಲ್ಲಿ ಒಬ್ಬರು ಎಚ್ಚರ ಇರಲಿ. ಅವರು ನೋಡಿ, 'ರಕ್ತ ಇಲ್ಲ, ಇಂಜೆಕ್ಷನ್ ಕೊಡಿ' ಅಂತಲೋ 'ಕೊಡಬೇಡಿ, ಇಲ್ಲಿಗೆ ಕಳಿಸಿ' ಅಂತಲೋ ಫೋನಿನಲ್ಲಿ ಹೇಳಲಿ. ಆಗ ನಮ್ಮ ಆ ಚಿಕ್ಕ ವಯಸ್ಸಿನ ಡಾಕ್ಟರಿಗೂ ಧೈರ್ಯ ಬರುತ್ತದೆ. ಒಬ್ಬರೇ ನಿಂತು ಇಂಥ ತೀರ್ಮಾನ ಮಾಡಿ ಅಂತ ಅವರಿಗೆ ಹೇಳುವುದು ನ್ಯಾಯ ಅಲ್ಲ. ಇಂಜೆಕ್ಷನ್ ಹೃದಯಕ್ಕೆ ಬಿಟ್ಟಿ ಸಿಗುವ ಹಾಗೇ ಮಿದುಳಿಗೂ ಬಿಟ್ಟಿ ಸಿಗಲಿ. ದಾರಿ ನೀವೇ ಹಾಕಿದ್ದೀರಿ, ಅದನ್ನು ಇನ್ನೊಂದು ಅಂಗದವರೆಗೆ ಉದ್ದ ಮಾಡಿ.

ಜನರಿಗೆ ಹೇಳುವ ಕೆಲಸವನ್ನು ನಮಗೆ ಬಿಡಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಮ್ಮಂಥ ಟೀಚರುಗಳು ಇದ್ದೇವೆ. ನಾನು ಈಗಾಗಲೇ ಶುರು ಮಾಡಿದ್ದೇನೆ. ನನ್ನ ಕ್ಲಾಸಿನ ಮಕ್ಕಳಿಗೆಲ್ಲ ಗೊತ್ತು: ಅಜ್ಜನ ಬಾಯಿ ಸೊಟ್ಟ ಆದರೆ ಮೊದಲು ಗಡಿಯಾರ ನೋಡಬೇಕು, ಆಮೇಲೆ 108. ಪಾರಿವಾಳವನ್ನು ಅದರ ಪಾಡಿಗೆ ಬಿಡಬೇಕು. ಮೊನ್ನೆ ನಾಲ್ಕನೇ ಕ್ಲಾಸಿನ ಒಬ್ಬಳು ಕೇಳಿದಳು, 'ಟೀಚರ್, ಆಂಬುಲೆನ್ಸ್ ಬಂದು ಎಲ್ಲಿಗೆ ಕರ್ಕೊಂಡು ಹೋಗ್ತಾರೆ?' ನನಗೆ ಹೇಳಲು ಸರಿಯಾದ ಉತ್ತರ ಇರಲಿಲ್ಲ. ಆ ಉತ್ತರವನ್ನು ನೀವು ಕೊಡಬೇಕು.

ಕೊನೆಗೆ ಒಂದು ಸಣ್ಣ ವಿಷಯ. ತಾಲೂಕು ಆಸ್ಪತ್ರೆಯಲ್ಲಿ ಅವತ್ತು ಕೊಟ್ಟ ರೆಫರ್ ಚೀಟಿಯನ್ನು ಹಾಗೇ ಇಟ್ಟುಕೊಂಡಿದ್ದೇನೆ. ಹೆಸರು, ವಯಸ್ಸು, ಬಿಪಿ, ಶುಗರ್, ಕಳಿಸಿದ ಕಾರಣ ಎಲ್ಲ ಅದರಲ್ಲಿ ಬರೆದಿದೆ. ಕಾಯಿಲೆ ಎಷ್ಟು ಗಂಟೆಗೆ ಶುರುವಾಯಿತು ಅಂತ ಬರೆಯಲು ಜಾಗವೇ ಇಲ್ಲ. 5 ಗಂಟೆ 40 ನಿಮಿಷ ಅಂತ ನಾನು ಬಾಯಲ್ಲಿ ಹೇಳಿದೆ. ಡಾಕ್ಟರ್ ಕೇಳಿಸಿಕೊಂಡರು, ಚೀಟಿಯಲ್ಲಿ ಬರಲಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಅದನ್ನು ಮತ್ತೆ ಯಾರೂ ಕೇಳಲಿಲ್ಲ. ಉಳಿದದ್ದಕ್ಕೆಲ್ಲ ಬಜೆಟ್ ಬೇಕು, ಟೆಂಡರ್ ಬೇಕು, ಹೊತ್ತು ಹಿಡಿಯುತ್ತದೆ ಅಂತ ನನಗೂ ಗೊತ್ತು. ರೆಫರ್ ಚೀಟಿಯಲ್ಲಿ ಈ ಒಂದು ಸಾಲನ್ನು ಈ ತಿಂಗಳೇ ಸೇರಿಸಬಹುದು. 'ರೋಗಿ ಕೊನೆಯ ಬಾರಿ ಸರಿ ಇದ್ದದ್ದು ಎಷ್ಟು ಗಂಟೆಗೆ?' ಅದರ ಕೆಳಗೆ ಇನ್ನೊಂದು: 'ಸ್ಕ್ಯಾನ್ ಆದದ್ದು ಎಷ್ಟು ಗಂಟೆಗೆ?' ಪ್ರತಿ ಜಿಲ್ಲೆಯಲ್ಲಿ ಈ ಎರಡರ ನಡುವೆ ಎಷ್ಟು ಹೊತ್ತು ಆಗುತ್ತಿದೆ ಅಂತ ತಿಂಗಳಿಗೊಮ್ಮೆ ನಿಮ್ಮ ಮೇಜಿಗೆ ಬರಲಿ, ಸಾರ್ವಜನಿಕರಿಗೂ ಸಿಗಲಿ.

ಅಪ್ಪಯ್ಯನ ಚೀಟಿಯ ಒಂದು ಜೆರಾಕ್ಸ್ ಪ್ರತಿಯನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ರಿಜಿಸ್ಟರ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ಸಮಯವನ್ನು ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ನಾನೇ ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಶಾಲಾ ಶಿಕ್ಷಕಿ